ವಿವರಣೆ | ವಾಯುಪಡೆ ವಿಮಾನ ಬಿದ್ದಾಗ ‘ಪೈಲಟ್ ತಪ್ಪು’ ಅಂದರೆ ತನಿಖೆ ಮುಗೀತಾ?

2025ರ ನವೆಂಬರ್ 21, ಶುಕ್ರವಾರ. ದುಬೈ ಏರ್‌ಶೋದ ಕೊನೆಯ ದಿನ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ತೇಜಸ್ ಯುದ್ಧವಿಮಾನ ಪ್ರದರ್ಶನ ಹಾರಾಟದ ನಡುವೆ ನೆಲಕ್ಕೆ ಅಪ್ಪಳಿಸಿತು. ಪೈಲಟ್ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡರು. ಸ್ವಲ್ಪ ಹೊತ್ತಿಗೆ ವಾಯುಪಡೆಯ ಹೇಳಿಕೆ ಬಂತು. ಸಾವಿಗೆ ವಿಷಾದ, ಕುಟುಂಬದ ಜೊತೆ ನಾವಿದ್ದೇವೆ ಎಂಬ ಮಾತು, ಕೊನೆಯಲ್ಲಿ ಕಾರಣ ತಿಳಿಯಲು ಕೋರ್ಟ್ ಆಫ್ ಇನ್‌ಕ್ವೈರಿ ರಚಿಸಲಾಗುತ್ತಿದೆ ಎಂಬ ವಾಕ್ಯ.

ಈ ಕೊನೆಯ ವಾಕ್ಯ ನಮಗೆಲ್ಲ ಬಾಯಿಪಾಠ ಆಗಿಹೋಗಿದೆ. 2019ರಲ್ಲಿ ಯಲಹಂಕದ ಮೇಲೆ ಎರಡು ಸೂರ್ಯಕಿರಣ ವಿಮಾನಗಳು ಡಿಕ್ಕಿ ಹೊಡೆದಾಗ, 2023ರಲ್ಲಿ ಚಾಮರಾಜನಗರದ ಭೋಗಾಪುರದ ಬಳಿ ಕಿರಣ್ ತರಬೇತಿ ವಿಮಾನ ಬಿದ್ದಾಗ ಓದಿದ್ದೂ ಇದನ್ನೇ. ಆಮೇಲೆ? ಆಮೇಲೆ ಏನಾಯಿತು ಅಂತ ಯಾರಿಗಾದರೂ ನೆನಪಿದೆಯೇ? ತನಿಖೆ ಏನು ಹೇಳಿತು, ಯಾವ ಭಾಗ ಕೆಟ್ಟಿತ್ತು, ಯಾವ ನಿಯಮ ಬದಲಾಯಿತು? ಬಹುತೇಕ ಪ್ರಕರಣಗಳಲ್ಲಿ ನಮಗೆ ಸಿಗುವುದು ಒಂದೆರಡು ಪದ ಮಾತ್ರ: ‘ತಾಂತ್ರಿಕ ದೋಷ’ ಅಥವಾ ‘ಮಾನವ ದೋಷ’.

ಭಾರತೀಯ ವಾಯುಪಡೆಯ ವಿಮಾನಗಳು ಎಷ್ಟು ಬೀಳುತ್ತವೆ, ಯಾಕೆ ಬೀಳುತ್ತವೆ, ತನಿಖೆ ಯಾರು ಮಾಡುತ್ತಾರೆ, ಅದರ ಫಲಿತಾಂಶ ನಮಗೇಕೆ ಗೊತ್ತಾಗುವುದಿಲ್ಲ? ಒಂದೊಂದಾಗಿ ನೋಡೋಣ.

ಎಷ್ಟು ಬೀಳುತ್ತವೆ?

ರಕ್ಷಣಾ ಇಲಾಖೆಗೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿ 2024ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಒಂದು ವರದಿ ಕೊಟ್ಟಿತು. ಅದರ ಪ್ರಕಾರ 2017ರಿಂದ 2022ರವರೆಗಿನ ಐದು ವರ್ಷಗಳಲ್ಲಿ ವಾಯುಪಡೆಯಲ್ಲಿ 34 ಅಪಘಾತಗಳಾಗಿವೆ. 2018-19ರ ಒಂದೇ ವರ್ಷದಲ್ಲಿ 11, 2021-22ರಲ್ಲಿ 9. ನಡುವಿನ ಎರಡು ವರ್ಷಗಳಲ್ಲಿ ತಲಾ 3.

ಬರೀ ಎಣಿಕೆ ನೋಡಿದರೆ ದಾರಿ ತಪ್ಪುತ್ತೇವೆ. ದಿನಕ್ಕೆ ನೂರು ಟ್ರಿಪ್ ಓಡುವ ಬಸ್ಸಿಗೂ ಹತ್ತು ಟ್ರಿಪ್ ಓಡುವ ಬಸ್ಸಿಗೂ ಅಪಘಾತದ ಲೆಕ್ಕವನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗುವುದಿಲ್ಲ. ಅದಕ್ಕೇ ವಾಯುಪಡೆಗಳು ‘10,000 ಹಾರಾಟ ಗಂಟೆಗೆ ಎಷ್ಟು ಅಪಘಾತ’ ಎಂಬ ದರ ಬಳಸುತ್ತವೆ. ಈ ಲೆಕ್ಕದಲ್ಲಿ ನಮ್ಮ ವಾಯುಪಡೆ ನಿಜಕ್ಕೂ ಸುಧಾರಿಸಿದೆ. 2000-05ರಲ್ಲಿ 0.93 ಇದ್ದ ದರ 2020-24ರ ಹೊತ್ತಿಗೆ 0.20ಕ್ಕೆ ಇಳಿದಿದೆ ಎಂದು ಸರ್ಕಾರದ ಅಂಕಿಅಂಶ ಹೇಳುತ್ತದೆ. ಅಂದರೆ ಸುಮಾರು ಐದರಲ್ಲೊಂದು ಭಾಗ. ಇದು ಸಣ್ಣ ಸಾಧನೆಯಲ್ಲ.

ಹಾಗಂತ ನಿರಾಳ ಆಗುವಂತೆಯೂ ಇಲ್ಲ. ದರ ಇಳಿದಿದ್ದು ಪೂರ್ತಿ ಪಡೆಯ ಸರಾಸರಿಯಲ್ಲಿ. ಒಂದೊಂದೇ ಬಗೆಯ ವಿಮಾನ ನೋಡಿದರೆ ಕಥೆ ಬೇರೆ. 2025ರಲ್ಲಿ ಜಾಗ್ವಾರ್ ಒಂದೇ ಮೂರು ಬಾರಿ ಬಿತ್ತು: ಮಾರ್ಚ್‌ನಲ್ಲಿ ಹರಿಯಾಣದ ಪಂಚಕುಲಾ ಬಳಿ, ಏಪ್ರಿಲ್‌ನಲ್ಲಿ ಗುಜರಾತಿನ ಜಾಮ್‌ನಗರದ ಬಳಿ, ಜುಲೈನಲ್ಲಿ ರಾಜಸ್ಥಾನದ ಚುರು ಜಿಲ್ಲೆಯಲ್ಲಿ. ಮೊದಲನೆಯದರಲ್ಲಿ ಪೈಲಟ್ ಇಜೆಕ್ಟ್ ಆಗಿ ಬದುಕಿದರು. ಉಳಿದೆರಡರಲ್ಲಿ ಮೂವರು ಸತ್ತರು. 1979ರಲ್ಲಿ ನಮ್ಮಲ್ಲಿಗೆ ಬಂದ ಈ ವಿಮಾನವನ್ನು ಇವತ್ತು ಜಗತ್ತಿನಲ್ಲಿ ಹಾರಿಸುತ್ತಿರುವುದು ಭಾರತ ಮಾತ್ರ. ಬೇರೆಯವರೆಲ್ಲ ನಿವೃತ್ತಿ ಕೊಟ್ಟಾಗಿದೆ.

ಮಿಗ್-21: ಶವಪೆಟ್ಟಿಗೆಯೋ, ಬಲಿಪಶುವೋ?

ಈ ವಿಷಯ ಎತ್ತಿದರೆ ಎಲ್ಲರ ಬಾಯಲ್ಲಿ ಮೊದಲು ಬರುವ ಹೆಸರು ಮಿಗ್-21. ‘ಹಾರುವ ಶವಪೆಟ್ಟಿಗೆ’ ಅಂತ ಟಿವಿಯವರು ಕರೆದೂ ಕರೆದೂ ಅದೇ ಅದರ ಅಡ್ಡಹೆಸರಾಯಿತು. 2012ರ ಮೇ ತಿಂಗಳಲ್ಲಿ ಅಂದಿನ ರಕ್ಷಣಾ ಸಚಿವ ಎ.ಕೆ. ಆಂಟನಿ ರಾಜ್ಯಸಭೆಗೆ ಕೊಟ್ಟ ಉತ್ತರ ಈಗಲೂ ಓದಿದರೆ ಮೈ ಜುಮ್ಮೆನ್ನುತ್ತದೆ. ಭಾರತ ಪಡೆದ 872 ಮಿಗ್ ವಿಮಾನಗಳಲ್ಲಿ 482 ಅಪಘಾತಕ್ಕೀಡಾಗಿವೆ. 171 ಪೈಲಟ್‌ಗಳು, 39 ನಾಗರಿಕರು, ಇತರ ಸೇವೆಗಳ 8 ಮಂದಿ ಸತ್ತಿದ್ದಾರೆ. ಈ ಲೆಕ್ಕ 1971ರಿಂದ 2012ರ ಏಪ್ರಿಲ್‌ವರೆಗಿನದು. ಅದಾದ ಮೇಲೂ ವಿಮಾನಗಳು ಬಿದ್ದಿವೆ. 2023ರ ಮೇ 8ರಂದು ರಾಜಸ್ಥಾನದ ಹನುಮಾನ್‌ಗಢ ಜಿಲ್ಲೆಯಲ್ಲಿ ಮಿಗ್-21 ಒಂದು ಮನೆಯ ಮೇಲೆ ಬಿತ್ತು. ಪೈಲಟ್ ಬದುಕಿದರು, ಊರಿನ ಮೂವರು ಹೆಣ್ಣುಮಕ್ಕಳು ಸತ್ತರು.

ಆದರೆ ತಪ್ಪೆಲ್ಲ ವಿಮಾನದ್ದೇ? 1963ರಲ್ಲಿ ಬಂದಾಗ ಮಿಗ್-21 ಆ ಕಾಲದ ಅತ್ಯುತ್ತಮ ಯಂತ್ರಗಳಲ್ಲೊಂದು. ಒಂದೇ ಎಂಜಿನ್, ಚಿಕ್ಕ ತ್ರಿಕೋನ ರೆಕ್ಕೆ, ಶಬ್ದಕ್ಕಿಂತ ಎರಡು ಪಟ್ಟು ವೇಗ. ಆ ಚಿಕ್ಕ ರೆಕ್ಕೆಯಿಂದಾಗಿ ಇಳಿಯುವಾಗಲೂ ವೇಗ ಗಂಟೆಗೆ 300 ಕಿ.ಮೀ. ಮೇಲೆಯೇ ಇರಬೇಕು. ತಪ್ಪು ತಿದ್ದಿಕೊಳ್ಳಲು ಸಿಗುವ ಸಮಯ ಕಡಿಮೆ. ಎಂಜಿನ್ ಕೈಕೊಟ್ಟರೆ ಇನ್ನೊಂದು ಎಂಜಿನ್ ಇಲ್ಲ.

ಇಂಥ ವಿಮಾನಕ್ಕೆ ಹುಡುಗರನ್ನು ಹೇಗೆ ತಯಾರು ಮಾಡಿದೆವು? ಅವರು ಕಲಿತದ್ದು ಕಿರಣ್‌ನಂಥ ನಿಧಾನಗತಿಯ ತರಬೇತಿ ವಿಮಾನಗಳಲ್ಲಿ. ಅಲ್ಲಿಂದ ಸೀದಾ ಮಿಗ್. ಸ್ಕೂಟರ್ ಕಲಿತವನ ಕೈಗೆ ರೇಸ್ ಬೈಕ್ ಕೊಟ್ಟು ಹೈವೇಗೆ ಬಿಟ್ಟಂತೆ. ನಡುವೆ ಒಂದು ಮೆಟ್ಟಿಲು ಬೇಕು, ಅಡ್ವಾನ್ಸ್ಡ್ ಜೆಟ್ ಟ್ರೇನರ್ ಬೇಕು ಅಂತ ಅಪಘಾತಗಳನ್ನು ಅಧ್ಯಯನ ಮಾಡಿದ ಲಾ ಫೋಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. 1997ರಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಅಧ್ಯಕ್ಷತೆಯ ಇನ್ನೊಂದು ಸಮಿತಿಯೂ ಯುದ್ಧವಿಮಾನಗಳ ಅಪಘಾತಗಳನ್ನು ಪರಿಶೀಲಿಸಿತು. ಬ್ರಿಟನ್ನಿನ ಹಾಕ್ ವಿಮಾನಕ್ಕೆ ಒಪ್ಪಂದ ಆಗಿದ್ದು 2004ರ ಮಾರ್ಚ್‌ನಲ್ಲಿ. ವಿಮಾನ ನಮ್ಮ ಬೀದರ್‌ನ ವಾಯುನೆಲೆಗೆ ಬಂದು ಸೇರಿದ್ದು 2008ರ ಫೆಬ್ರುವರಿಯಲ್ಲಿ.

1982ರಿಂದ 2008. ಇಪ್ಪತ್ತಾರು ವರ್ಷ. ಈ ಅವಧಿಯಲ್ಲಿ ಮಿಗ್ ಇಳಿಸುವಾಗ ಸತ್ತ ಒಬ್ಬ ಇಪ್ಪತ್ತಮೂರರ ಹುಡುಗನ ಕಡತದಲ್ಲಿ ‘ಪೈಲಟ್ ತಪ್ಪು’ ಅಂತ ಬರೆದಿದ್ದರೆ, ಅದು ಸುಳ್ಳು ಅಲ್ಲದಿರಬಹುದು. ಪೂರ್ತಿ ನಿಜವಂತೂ ಅಲ್ಲ. ದೆಹಲಿಯ ಕಚೇರಿಗಳಲ್ಲಿ ಕಡತ ಮೇಜಿಂದ ಮೇಜಿಗೆ ತಿರುಗುತ್ತಿದ್ದ ಆ ಇಪ್ಪತ್ತಾರು ವರ್ಷವನ್ನು ಯಾರ ತಪ್ಪು ಅಂತ ಬರೆಯುವುದು?

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಲಾಯಿತು. 62 ವರ್ಷಗಳ ಸೇವೆ. ಅಷ್ಟು ವರ್ಷ ಅದನ್ನು ಹಾರಿಸಿದ್ದು ಪ್ರೀತಿಯಿಂದಲ್ಲ, ಅದರ ಜಾಗಕ್ಕೆ ಬರಬೇಕಿದ್ದ ತೇಜಸ್ ತಡವಾಗಿದ್ದರಿಂದ. 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ 2021ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಜೊತೆ ಒಪ್ಪಂದವಾಗಿತ್ತು. 2024ರ ಮಾರ್ಚ್‌ಗೆ ಬರಬೇಕಿದ್ದ ಮೊದಲ ವಿಮಾನ, ಮಿಗ್ ವಿದಾಯದ ದಿನವೂ ಬಂದಿರಲಿಲ್ಲ. ಅಮೆರಿಕದಿಂದ ಎಂಜಿನ್ ಪೂರೈಕೆ ತಡವಾಗಿದ್ದು ಇದಕ್ಕೆ ಒಂದು ಮುಖ್ಯ ಕಾರಣ. ಹೊಸದು ತಡವಾದಷ್ಟೂ ಹಳೆಯದು ಹಾರುತ್ತದೆ. ಅಪಘಾತದ ಪಟ್ಟಿಯಲ್ಲಿ ಈ ‘ತಡ’ಕ್ಕೆ ಕಾಲಂ ಇಲ್ಲ.

ತರಬೇತಿಯ ಮೊದಲ ಮೆಟ್ಟಿಲೂ ಇದೇ ಪಾಠ ಹೇಳುತ್ತದೆ. ಹೊಸಬರು ಮೊದಲು ಹತ್ತುತ್ತಿದ್ದ ಎಚ್‌ಪಿಟಿ-32 ದೀಪಕ್ ಎಂಬ ಸಣ್ಣ ವಿಮಾನ ಹಾರಾಟದ ನಡುವೆ ಎಂಜಿನ್ ನಿಲ್ಲುವುದಕ್ಕೇ ಹೆಸರಾಗಿತ್ತು. 17 ಅಪಘಾತಗಳಲ್ಲಿ 19 ಪೈಲಟ್‌ಗಳನ್ನು ಕಳೆದುಕೊಂಡ ಮೇಲೆ, 2009ರಲ್ಲಿ ಅದನ್ನು ನೆಲಕ್ಕಿಳಿಸಲಾಯಿತು. ಬದಲಿ ವಿಮಾನ, ಸ್ವಿಟ್ಜರ್‌ಲೆಂಡಿನ ಪಿಲಾಟಸ್, ಬಂದಿದ್ದು 2013ರಲ್ಲಿ.

ಯಾಕೆ ಬೀಳುತ್ತವೆ?

ಎಂಜಿನಿಯರಿಂಗ್ ಓದುವಾಗ ನಮ್ಮ ಮೇಷ್ಟ್ರೊಬ್ಬರು ಮುರಿದ ಬೋಲ್ಟ್ ಒಂದನ್ನು ತರಗತಿಗೆ ತಂದು, ‘ಇದು ಯಾಕೆ ಮುರೀತು?’ ಅಂತ ಕೇಳಿದ್ದರು. ‘ಲೋಡ್ ಜಾಸ್ತಿ ಆಯ್ತು ಸರ್’ ಅಂದೆ. ‘ಅದು ಹೇಗೆ ಮುರೀತು ಅನ್ನೋದಾಯ್ತು. ಲೋಡ್ ಯಾಕೆ ಜಾಸ್ತಿ ಆಯ್ತು? ಜಾಸ್ತಿ ಆಗೋದನ್ನ ಯಾರೂ ಯಾಕೆ ನೋಡಲಿಲ್ಲ? ನೋಡಿದ್ರೂ ಯಾಕೆ ನಿಲ್ಲಿಸಲಿಲ್ಲ?’ ಅಂದರು. ಬೋಲ್ಟ್‌ನಿಂದ ಶುರುವಾದ ಪ್ರಶ್ನೆ ಸ್ಟೋರ್ಸ್‌ನ ಖರೀದಿ ನಿಯಮಕ್ಕೆ ಹೋಗಿ ಮುಟ್ಟಿತ್ತು.

ವಿಮಾನ ಅಪಘಾತವೂ ಹಾಗೆಯೇ. ಒಂದೇ ಕಾರಣಕ್ಕೆ ಬಿದ್ದ ವಿಮಾನ ಅಪರೂಪ. ಸಣ್ಣ ಸಣ್ಣ ಲೋಪಗಳು ಸಾಲಾಗಿ ನಿಂತಾಗ ವಿಮಾನ ಬೀಳುತ್ತದೆ. ಆದರೂ ಕಾರಣಗಳನ್ನು ಸ್ಥೂಲವಾಗಿ ಹೀಗೆ ಗುಂಪು ಮಾಡಬಹುದು.

ಯಂತ್ರದ ದೋಷ: ಎಂಜಿನ್ ನಿಲ್ಲುವುದು, ಇಂಧನ ಸೋರುವುದು, ನಿಯಂತ್ರಣ ವ್ಯವಸ್ಥೆ ಕೈಕೊಡುವುದು. ಇದರ ಹಿಂದೆ ವಿನ್ಯಾಸ ಇರಬಹುದು, ತಯಾರಿಕೆ ಇರಬಹುದು, ನಿರ್ವಹಣೆ ಇರಬಹುದು, ಬಿಡಿಭಾಗ ಸಿಗದೆ ದಬ್ಬಿದ ದಿನಗಳೂ ಇರಬಹುದು.

ಹಕ್ಕಿ: ಕೇಳಲು ತಮಾಷೆ. ಆದರೆ ಗಂಟೆಗೆ 500 ಕಿ.ಮೀ. ವೇಗದಲ್ಲಿ ಎಂಜಿನ್‌ಗೆ ನುಗ್ಗಿದ ಒಂದು ಹದ್ದು ಸಾಕು. 2019ರ ಜೂನ್‌ನಲ್ಲಿ ಅಂಬಾಲಾದಲ್ಲಿ ಹಕ್ಕಿ ಬಡಿದ ಜಾಗ್ವಾರ್‌ನ ಪೈಲಟ್, ಇಂಧನ ಟ್ಯಾಂಕ್ ಮತ್ತು ಅಭ್ಯಾಸದ ಬಾಂಬುಗಳನ್ನು ಕಳಚಿ ಬೀಳಿಸಿ ವಿಮಾನವನ್ನು ಸುರಕ್ಷಿತವಾಗಿ ಇಳಿಸಿದ್ದರು. ಏರೋ ಇಂಡಿಯಾ ಬಂದಾಗ ಯಲಹಂಕದ ಸುತ್ತಮುತ್ತ ಮಾಂಸದಂಗಡಿ ಮುಚ್ಚಿಸುವುದು ಇದೇ ಕಾರಣಕ್ಕೆ. ಎಸೆದ ಮಾಂಸದ ತುಂಡಿಗೆ ಹದ್ದುಗಳು ಬರುತ್ತವೆ. ಪ್ರದರ್ಶನದ ದಿನಗಳಲ್ಲಿ ಇಷ್ಟು ಕಟ್ಟುನಿಟ್ಟು. ವರ್ಷದ ಉಳಿದ ದಿನ ವಾಯುನೆಲೆಗಳ ಬೇಲಿ ಪಕ್ಕದ ಕಸದ ರಾಶಿಗೆ ಕೇಳುವವರಿಲ್ಲ.

ಗುಂಪು ಹಾರಾಟದ ಅಪಾಯ: 2023ರ ಜನವರಿ 28ರಂದು ಗ್ವಾಲಿಯರ್‌ನಿಂದ ಹೊರಟ ಒಂದು ಸುಖೋಯ್-30 ಮತ್ತು ಒಂದು ಮಿರಾಜ್-2000 ಮಧ್ಯಪ್ರದೇಶದ ಮೊರೇನಾ ಬಳಿ ಪತನವಾದವು. ಸುಖೋಯ್‌ನ ಇಬ್ಬರು ಪೈಲಟ್‌ಗಳು ಬದುಕಿದರು. ಮಿರಾಜ್ ಹಾರಿಸುತ್ತಿದ್ದವರು ನಮ್ಮ ಬೆಳಗಾವಿಯ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ. ಅವರು ಮನೆಗೆ ಬಂದಿದ್ದು ತ್ರಿವರ್ಣ ಧ್ವಜ ಹೊದ್ದು.

ನಮ್ಮವರದೇ ಗುಂಡು: 2019ರ ಫೆಬ್ರುವರಿ 27. ಬಾಲಾಕೋಟ್ ದಾಳಿಯ ಮರುದಿನ. ಎಲ್ಲರ ಕಣ್ಣು ಅಭಿನಂದನ್ ವರ್ಧಮಾನ್ ಅವರ ಮಿಗ್-21ರ ಮೇಲಿದ್ದಾಗ, ಕಾಶ್ಮೀರದ ಬಡಗಾಮ್‌ನಲ್ಲಿ ನಮ್ಮದೇ ಎಂಐ-17 ಹೆಲಿಕಾಪ್ಟರನ್ನು ನಮ್ಮದೇ ಕ್ಷಿಪಣಿ ಉರುಳಿಸಿತು. ವಾಯುಪಡೆಯ ಆರು ಮಂದಿ, ನೆಲದಲ್ಲಿದ್ದ ಒಬ್ಬ ನಾಗರಿಕ ಸತ್ತರು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಾಯುಪಡೆ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಅದು ನಮ್ಮಿಂದಾದ ದೊಡ್ಡ ತಪ್ಪು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಒಪ್ಪಿಕೊಂಡರೆ ಸಂಸ್ಥೆಯ ಮರ್ಯಾದೆ ಹೋಗುವುದಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ.

ಮನುಷ್ಯನ ಮಿತಿ: ಮೋಡದೊಳಗೆ ಹೊಕ್ಕಾಗ ದಿಗಂತ ಕಾಣುವುದಿಲ್ಲ. ಸಮತೋಲನ ತಿಳಿಸುವ ಒಳಕಿವಿ ಆಗ ಸುಳ್ಳು ಹೇಳುತ್ತದೆ. ವಿಮಾನ ವಾಲಿದ್ದರೂ ನೇರವಾಗಿದೆ ಅನಿಸುತ್ತದೆ. ದಿಕ್ಕು ತಪ್ಪುವ ಈ ಸ್ಥಿತಿ ಎಷ್ಟೇ ಅನುಭವಿ ಪೈಲಟ್‌ಗೂ ಬರಬಹುದು. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ದಶಕಗಳಿಂದ ಇಂಥ ವಿಷಯಗಳನ್ನೇ ಅಧ್ಯಯನ ಮಾಡುತ್ತಿದೆ.

ಒಂದೇ ಅಪಘಾತ, ಎರಡು ವಿವರಣೆ

2021ರ ಡಿಸೆಂಬರ್ 8ರಂದು ತಮಿಳುನಾಡಿನ ಕೂನೂರು ಬಳಿ ಎಂಐ-17ವಿ5 ಹೆಲಿಕಾಪ್ಟರ್ ಬಿದ್ದು ಸೇನಾಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಅವರ ಪತ್ನಿ ಸೇರಿ 13 ಮಂದಿ ಅಂದೇ ತೀರಿಕೊಂಡರು. ಬದುಕುಳಿದಿದ್ದ ಒಬ್ಬರೇ ಒಬ್ಬರು, ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್, ಒಂದು ವಾರದ ನಂತರ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

2022ರ ಜನವರಿಯಲ್ಲಿ ಬಂದ ತನಿಖೆಯ ಪ್ರಾಥಮಿಕ ಸಾರಾಂಶ ಹೀಗಿತ್ತು: ಯಾಂತ್ರಿಕ ವೈಫಲ್ಯ ಅಲ್ಲ, ವಿಧ್ವಂಸಕ ಕೃತ್ಯ ಅಲ್ಲ, ನಿರ್ಲಕ್ಷ್ಯವೂ ಅಲ್ಲ. ಕಣಿವೆಯಲ್ಲಿ ಹವಾಮಾನ ದಿಢೀರ್ ಬದಲಾಗಿ ಹೆಲಿಕಾಪ್ಟರ್ ಮೋಡ ಹೊಕ್ಕಿತು, ಪೈಲಟ್‌ಗೆ ದಿಕ್ಕು ತಪ್ಪಿತು, ನೆಲಕ್ಕೆ ಬಡಿಯಿತು. 2024ರ ಡಿಸೆಂಬರ್‌ನ ಸಂಸದೀಯ ಸಮಿತಿ ವರದಿಯ ಪಟ್ಟಿಯಲ್ಲಿ ಇದೇ ಅಪಘಾತದ ಮುಂದೆ ಕಾರಣ ಎಂಬಲ್ಲಿ ಇರುವುದು: ‘ಮಾನವ ದೋಷ (ಸಿಬ್ಬಂದಿ)’.

ಎರಡೂ ತಾಂತ್ರಿಕವಾಗಿ ಸರಿ ಅಂತ ವಾದಿಸಬಹುದು. ದಿಕ್ಕು ತಪ್ಪುವುದು ಮಾನವ ದೋಷದ ಗುಂಪಿಗೇ ಸೇರುತ್ತದೆ. ಆದರೆ ಆ ಪೈಲಟ್‌ನ ಮನೆಯವರ ಜಾಗದಲ್ಲಿ ಕೂತು ಓದಿ. ಮೊದಲು ‘ನಿರ್ಲಕ್ಷ್ಯ ಅಲ್ಲ’, ಮೂರು ವರ್ಷದ ನಂತರ ‘ದೋಷ’. ನಡುವಿನ ನೂರಾರು ಪುಟ ಯಾರಿಗೂ ಕಾಣುವುದಿಲ್ಲ. ಆ ದಿನ ಹವಾಮಾನ ಮಾಹಿತಿ ಹೇಗಿತ್ತು, ಹಾರಾಟ ಮುಂದುವರಿಸುವ ನಿರ್ಧಾರ ಹೇಗಾಯಿತು, ಅತಿಗಣ್ಯರ ಹಾರಾಟಕ್ಕೆ ನಿಯಮ ಏನು ಬದಲಾಯಿತು? ಇವೆಲ್ಲ ಆ ಒಂದು ಕಾಲಂನೊಳಗೆ ಮುಚ್ಚಿಹೋದವು.

ಬೆಂಗಳೂರಿನ ಎರಡು ಅಪಘಾತ, ಎರಡು ಕಡತ

ವರದಿ ಹೊರಬಂದರೆ ಏನು ವ್ಯತ್ಯಾಸ ಆಗುತ್ತದೆ ಅಂತ ಕೇಳುವವರಿಗೆ ನಮ್ಮ ಊರಿನದೇ ಎರಡು ಉದಾಹರಣೆಗಳಿವೆ.

2009ರ ಮಾರ್ಚ್ 6. ಎನ್‌ಎಎಲ್ ವಿನ್ಯಾಸಗೊಳಿಸಿದ ಸರಸ್ ಎಂಬ ಪುಟ್ಟ ಪ್ರಯಾಣಿಕ ವಿಮಾನದ ಎರಡನೇ ಮಾದರಿ ಬಿಡದಿ ಬಳಿ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ ಮೂವರೂ ವಾಯುಪಡೆಯ ಬೆಂಗಳೂರಿನ ಪರೀಕ್ಷಾ ಹಾರಾಟ ಕೇಂದ್ರ ಎಎಸ್‌ಟಿಇಯವರು: ವಿಂಗ್ ಕಮಾಂಡರ್‌ಗಳಾದ ಪ್ರವೀಣ್ ಕೋಟೆಕೊಪ್ಪ, ದೀಪೇಶ್ ಶಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ. ವಿಮಾನ ನಾಗರಿಕ ನೋಂದಣಿಯದ್ದಾದ್ದರಿಂದ ತನಿಖೆ ಡಿಜಿಸಿಎ ಪಾಲಾಯಿತು. ವರದಿ ಸಾರ್ವಜನಿಕವಾಯಿತು.

ಅದರಲ್ಲಿ ಏನಿದೆ? ಅಂದಿನ ಪರೀಕ್ಷೆ, ಒಂದು ಎಂಜಿನ್ನನ್ನು ಬೇಕಂತಲೇ ನಿಲ್ಲಿಸಿ ಆಕಾಶದಲ್ಲೇ ಮತ್ತೆ ಚಾಲೂ ಮಾಡುವುದು. ಆ ವಿಧಾನವನ್ನು ವಿನ್ಯಾಸಕರು ರೂಪಿಸಿದ್ದೇ ತಪ್ಪಾಗಿತ್ತು. ಪ್ರೊಪೆಲ್ಲರ್ ತಯಾರಿಸಿದ ಕಂಪನಿಯನ್ನು ಅದಕ್ಕಾಗಿ ಕೇಳಿರಲಿಲ್ಲ. ಪೈಲಟ್‌ಗಳು ಅದೇ ವಿಧಾನವನ್ನು ಸಾಲದಷ್ಟು ಎತ್ತರದಲ್ಲಿ ಪಾಲಿಸಿದಾಗ ವಿಮಾನ ಸರಸರನೆ ಕೆಳಗಿಳಿಯಿತು. ಕಾಕ್‌ಪಿಟ್‌ನಲ್ಲಿ ಸಿಬ್ಬಂದಿಯ ಹೊಂದಾಣಿಕೆ ಸಾಲಲಿಲ್ಲ, ಹಾರಾಟವನ್ನು ಅಲ್ಲಿಗೇ ಕೈಬಿಡಬೇಕಿತ್ತು ಎಂಬುದನ್ನೂ ವರದಿ ಹೇಳಿತು.

ಗಮನಿಸಿ, ಈ ವರದಿ ಪೈಲಟ್‌ಗಳನ್ನು ಪೂರ್ತಿ ಬಚಾವ್ ಮಾಡಲಿಲ್ಲ. ಆದರೆ ಅವರ ಕೈಗೆ ಆ ಕಾಗದ ಕೊಟ್ಟವರನ್ನೂ ಬಿಡಲಿಲ್ಲ. ಇದನ್ನೇ ಒಂದು ಕಾಲಂನಲ್ಲಿ ತುಂಬಿದ್ದರೆ ‘ಮಾನವ ದೋಷ’ ಅಂತ ಆಗುತ್ತಿತ್ತು. ಸಂಸ್ಥೆ ಪಾಠ ಕಲಿಯಿತು, ಬದಲಾವಣೆಗಳಾದವು. 2018ರ ಜನವರಿ 24ರಂದು ಸುಧಾರಿತ ಸರಸ್ ಮತ್ತೆ ಬೆಂಗಳೂರಿನ ಆಕಾಶಕ್ಕೇರಿತು. ಹಾರಿಸಿದವರು ಅದೇ ಎಎಸ್‌ಟಿಇಯ ಪೈಲಟ್‌ಗಳು.

ಇನ್ನೊಂದು, 2019ರ ಫೆಬ್ರುವರಿ 1. ಎಚ್‌ಎಎಲ್ ವಿಮಾನ ನಿಲ್ದಾಣ. ಎಚ್‌ಎಎಲ್ ಮೇಲ್ದರ್ಜೆಗೇರಿಸಿದ್ದ ಮಿರಾಜ್-2000ನ್ನು ವಾಯುಪಡೆಗೆ ಒಪ್ಪಿಸುವ ಮುಂಚಿನ ಪರೀಕ್ಷಾ ಹಾರಾಟ. ಅದೇ ಎಎಸ್‌ಟಿಇಯ ಸ್ಕ್ವಾಡ್ರನ್ ಲೀಡರ್‌ಗಳಾದ ಸಮೀರ್ ಅಬ್ರೋಲ್ ಮತ್ತು ಸಿದ್ಧಾರ್ಥ ನೇಗಿ ಒಳಗಿದ್ದರು. ವಿಮಾನ ರನ್‌ವೇ ಕೊನೆಯಲ್ಲಿ ಬಿದ್ದು ಸ್ಫೋಟಿಸಿತು. ಯಮಲೂರು ಕಡೆಯವರು ಮನೆ ಮಹಡಿಯಿಂದ ತೆಗೆದ ಹೊಗೆಯ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಇಬ್ಬರೂ ಇಜೆಕ್ಟ್ ಆದರು, ಇಬ್ಬರೂ ಉಳಿಯಲಿಲ್ಲ.

ಇದು ಸೇನಾ ವಿಮಾನ. ತನಿಖೆ ನಡೆದಿದ್ದು ಕೋರ್ಟ್ ಆಫ್ ಇನ್‌ಕ್ವೈರಿಯಲ್ಲಿ. ವರದಿ ಸಾರ್ವಜನಿಕವಾಗಿ ಪ್ರಕಟವಾಗಿಲ್ಲ. ಸಮೀರ್ ಅವರ ಪತ್ನಿ ಗರಿಮಾ ಮುಂದೆ ತಾವೇ ವಾಯುಪಡೆ ಸೇರಿದರು. ಅವರಿಗಿರುವ ಧೈರ್ಯ ದೊಡ್ಡದು. ಆದರೆ ಅದರ ಹೆಸರಲ್ಲಿ ನಾವು ಪ್ರಶ್ನೆ ಕೇಳುವುದನ್ನು ಬಿಡುವಂತಿಲ್ಲ.

ಒಂದೇ ನಗರ, ಒಂದೇ ಕೇಂದ್ರದ ಪೈಲಟ್‌ಗಳು, ಹತ್ತು ವರ್ಷದ ಅಂತರ. ಒಂದರ ಬಗ್ಗೆ ನಾನು ನಿಮಗೆ ಒಂದು ಪ್ಯಾರಾ ವಿವರ ಬರೆಯಬಲ್ಲೆ. ಇನ್ನೊಂದರ ಬಗ್ಗೆ ಬರೆಯಲು ಬರುವುದು ಹೊಗೆಯ ವಿಡಿಯೊ ಮಾತ್ರ.

ತನಿಖೆ ಯಾರದು, ಗುಟ್ಟು ಯಾಕೆ?

ನಾಗರಿಕ ವಿಮಾನ ಬಿದ್ದರೆ ಈಗ ಎಎಐಬಿ ಎಂಬ ಸಂಸ್ಥೆ ತನಿಖೆ ಮಾಡಿ ವರದಿ ಪ್ರಕಟಿಸುತ್ತದೆ. ಸೇನಾ ವಿಮಾನಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ವಾಯುಪಡೆಯ ಅಪಘಾತವನ್ನು ವಾಯುಪಡೆಯ ಅಧಿಕಾರಿಗಳೇ ತನಿಖೆ ಮಾಡುತ್ತಾರೆ, ವರದಿ ಮೇಲಧಿಕಾರಿಗಳಿಗೆ ಹೋಗುತ್ತದೆ. ಹೊರಗಿನವರು ಕೇಳಿದರೆ, ದೇಶದ ಭದ್ರತೆಗೆ ಧಕ್ಕೆ ತರುವ ಮಾಹಿತಿ ಕೊಡಬೇಕಿಲ್ಲ ಎನ್ನುವ ಆರ್‌ಟಿಐ ಕಾಯ್ದೆಯ ಸೆಕ್ಷನ್ 8 ಎದುರಿಗಿದೆ.

ಗುಟ್ಟಿನ ಪರವಾಗಿ ಒಂದು ಗಟ್ಟಿ ವಾದವೂ ಇದೆ, ಅದನ್ನು ಹಗುರ ಮಾಡಬಾರದು. ‘ನಾನು ಆ ನಟ್ಟು ಬಿಗಿ ಮಾಡಲು ಮರೆತೆ’ ಅಂತ ಟೆಕ್ನಿಷಿಯನ್ ಒಬ್ಬ ನಿಜ ಹೇಳಬೇಕಾದರೆ, ಆ ಮಾತು ನಾಳೆ ಪೇಪರಲ್ಲಿ ಬರುವುದಿಲ್ಲ ಎಂಬ ಭರವಸೆ ಅವನಿಗಿರಬೇಕು. ಇಲ್ಲದಿದ್ದರೆ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ, ಮುಂದಿನ ವಿಮಾನವೂ ಬೀಳುತ್ತದೆ. ವಿಮಾನದ ರಹಸ್ಯ ಸಾಮರ್ಥ್ಯಗಳು ಶತ್ರುವಿಗೆ ತಿಳಿಯಬಾರದು ಅನ್ನುವುದೂ ಸರಿಯೇ.

ಆದರೆ ಈ ಗುಟ್ಟಿನ ಬೆಲೆ ಯಾರು ತೆರುತ್ತಾರೆ? 2001ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಮಿಗ್-21 ಪತನವಾಗಿ ಸತ್ತ ಫ್ಲೈಟ್ ಲೆಫ್ಟಿನೆಂಟ್ ಅಭಿಜಿತ್ ಗಾಡ್ಗೀಳ್ ಮೇಲೆ ಮೊದಲು ಹೊರಿಸಿದ್ದು ಪೈಲಟ್ ತಪ್ಪಿನ ಆರೋಪ. ತಾಯಿ ಕವಿತಾ ಗಾಡ್ಗೀಳ್ ವರ್ಷಗಟ್ಟಲೆ ಹೋರಾಡಿ ಮಗನ ಹೆಸರಿನ ಮೇಲಿನ ಆ ಕಲೆ ಅಳಿಸಬೇಕಾಯಿತು.

ಇನ್ನೊಂದು ಪ್ರಕರಣ ವಿಂಗ್ ಕಮಾಂಡರ್ ಸಂಜೀತ್ ಸಿಂಗ್ ಕೈಲಾ ಅವರದು. 2005ರ ಜನವರಿ 4ರಂದು ರಾಜಸ್ಥಾನದ ನಾಲ್ ವಾಯುನೆಲೆಯಿಂದ ಅವರು ಹಾರಿಸಿದ ಮಿಗ್-21ಕ್ಕೆ ಬೆಂಕಿ ಹತ್ತಿತು. ಜೀವ ಉಳಿಯಿತು, ಯುದ್ಧವಿಮಾನ ಹಾರಿಸುವ ಬದುಕು ಉಳಿಯಲಿಲ್ಲ. ವರ್ಷಗಳ ನಂತರ ಆರ್‌ಟಿಐ ಮೂಲಕ ಅವರಿಗೆ ತಿಳಿದಿದ್ದು, ತನಿಖೆ ತಯಾರಿಕೆಯ ದೋಷವನ್ನು ಗುರುತಿಸಿತ್ತು ಎಂಬ ಸಂಗತಿ. ಕೈಲಾ ದೆಹಲಿ ಹೈಕೋರ್ಟ್‌ಗೆ ಹೋದರು. 2017ರ ಮೇನಲ್ಲಿ ತೀರ್ಪು ಬಂತು: ಸೈನಿಕನಿಗೂ ಸುರಕ್ಷಿತ ಕೆಲಸದ ಜಾಗದ ಹಕ್ಕಿದೆ, ಸಹಜ ಅಪಾಯಕ್ಕಿಂತ ಹೆಚ್ಚಿನ ಅಪಾಯಕ್ಕೆ ಅವರನ್ನು ಒಡ್ಡಲಾಗಿದೆ, ಎಚ್‌ಎಎಲ್ ಮತ್ತು ಕೇಂದ್ರ ಸರ್ಕಾರ ಸೇರಿ 55 ಲಕ್ಷ ರೂಪಾಯಿ ಪರಿಹಾರ ಕೊಡಬೇಕು.

ಯುದ್ಧದಲ್ಲಿ ಸಾಯುವ ಅಪಾಯಕ್ಕೆ ಪೈಲಟ್ ಸಹಿ ಹಾಕಿರುತ್ತಾನೆ. ಕೆಟ್ಟ ಬೆಸುಗೆಯಿಂದ ಸಾಯುವುದಕ್ಕೆ ಅಲ್ಲ. ಕೋರ್ಟ್ ಹೇಳಿದ್ದರ ಸಾರ ಇಷ್ಟೇ. ಆ ಸತ್ಯ ಹೊರಬರಲು ಅಪಘಾತದಿಂದ ತೀರ್ಪಿಗೆ 12 ವರ್ಷ ಬೇಕಾಯಿತು, ಅದೂ ಬದುಕುಳಿದ ಪೈಲಟ್ ಒಬ್ಬರು ಬೆನ್ನು ಬಿಡದೆ ಹಿಡಿದಿದ್ದರಿಂದ. ಸತ್ತವರು ಆರ್‌ಟಿಐ ಅರ್ಜಿ ಹಾಕಲಾರರು.

ಬೇರೆ ದೇಶಗಳು ಏನು ಮಾಡುತ್ತವೆ?

ಅಮೆರಿಕದ ವಾಯುಪಡೆ ಗುಟ್ಟು ಮತ್ತು ಪಾರದರ್ಶಕತೆ ಎರಡನ್ನೂ ಉಳಿಸಿಕೊಳ್ಳುವ ಒಂದು ಉಪಾಯ ಕಂಡುಕೊಂಡಿದೆ. ದೊಡ್ಡ ಅಪಘಾತವಾದರೆ ಎರಡು ತನಿಖೆ. ಒಂದು ಸುರಕ್ಷತೆಗಾಗಿ. ಅಲ್ಲಿ ಹೇಳಿದ್ದು ಗೋಪ್ಯ, ಹೇಳಿದವರ ಮೇಲೆ ಅದನ್ನು ಬಳಸುವಂತಿಲ್ಲ. ಇನ್ನೊಂದು ಪ್ರತ್ಯೇಕ ಮಂಡಳಿಯದು. ಅದರ ವರದಿ ಸಾರ್ವಜನಿಕ. ಅದನ್ನು ಸತ್ತವರ ಕುಟುಂಬಕ್ಕೂ ವಿವರಿಸುತ್ತಾರೆ.

ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2006ರ ಸೆಪ್ಟೆಂಬರ್‌ನಲ್ಲಿ ಅಫ್ಘಾನಿಸ್ತಾನದ ಕಂದಹಾರ್ ಬಳಿ ಅದರ ನಿಮ್ರೋಡ್ ವಿಮಾನ ಆಕಾಶದಲ್ಲೇ ಬೆಂಕಿಗೆ ಸಿಕ್ಕಿ 14 ಮಂದಿ ಸತ್ತರು. ಸರ್ಕಾರ ಚಾರ್ಲ್ಸ್ ಹ್ಯಾಡನ್-ಕೇವ್ ಎಂಬ ವಕೀಲರಿಂದ ಸ್ವತಂತ್ರ ಪರಿಶೀಲನೆ ಮಾಡಿಸಿತು. 2009ರ ಅವರ ವರದಿ ವಿಮಾನದ ಬಿಸಿ ಪೈಪಿನಲ್ಲಿ ನಿಲ್ಲದೆ ರಕ್ಷಣಾ ಸಚಿವಾಲಯ, ಬಿಎಇ ಸಿಸ್ಟಮ್ಸ್, ಕಿನೆಟಿಕ್ ಮತ್ತು ಹೊಣೆಗಾರ ಅಧಿಕಾರಿಗಳನ್ನು ಹೆಸರಿಸಿ ಟೀಕಿಸಿತು. ಮರುವರ್ಷವೇ ಸೇನಾ ವಿಮಾನಗಳ ಸುರಕ್ಷತೆಗೆಂದು ಪ್ರತ್ಯೇಕ ಪ್ರಾಧಿಕಾರ ಹುಟ್ಟಿತು. ಇಷ್ಟೆಲ್ಲ ಬಿಚ್ಚಿಟ್ಟರೂ ಬ್ರಿಟನ್ನಿನ ಭದ್ರತೆಗೆ ಏನೂ ಆಗಲಿಲ್ಲ.

ನಾವೇನು ಕೇಳಬೇಕು?

ಪೂರ್ತಿ ಕಡತ ಬೇಡ. ರಾಡಾರ್ ಸಾಮರ್ಥ್ಯ ಬೇಡ, ಸಾಕ್ಷಿಗಳ ಹೆಸರು ಬೇಡ. ಪ್ರತಿ ಅಪಘಾತಕ್ಕೂ ನಾಲ್ಕು ಪುಟದ ಸಾರಾಂಶ ಸಾಕು: ಏನಾಯಿತು, ಯಾವ ಲೋಪಗಳು ಸೇರಿ ಹೀಗಾಯಿತು, ತನಿಖೆ ಏನು ಶಿಫಾರಸು ಮಾಡಿತು, ಅದರಲ್ಲಿ ಎಷ್ಟು ಜಾರಿಯಾಗಿದೆ. ಅದು ಒಂದು ನಿಗದಿತ ಅವಧಿಯೊಳಗೆ ಸಂಸತ್ತಿನ ಮುಂದೆ ಬರಬೇಕು. ಕುಟುಂಬಕ್ಕೆ ಅದಕ್ಕಿಂತ ಮೊದಲೇ ತಲುಪಬೇಕು. ವಿಮಾನ ತಯಾರಿಸುವ, ಅದಕ್ಕೆ ಪ್ರಮಾಣಪತ್ರ ಕೊಡುವ, ಹಾರಿಸುವ ಮೂರೂ ಕಡೆಯಿಂದ ಹೊರಗಿರುವ ಒಬ್ಬ ತಜ್ಞನಾದರೂ ತನಿಖೆಯಲ್ಲಿರಬೇಕು. ಹೀಗೆ ಕೇಳಿದರೆ ಸೇನೆಗೆ ಅವಮಾನ ಅನ್ನುವವರು ಇರುತ್ತಾರೆ. ಪೈಲಟ್ ಸತ್ತ ದಿನ ಸ್ಟೇಟಸ್ ಹಾಕಿ, ಅವನು ಯಾಕೆ ಸತ್ತ ಅಂತ ಕೇಳದಿರುವುದು ಯಾವ ಗೌರವ ಅಂತ ನನಗಂತೂ ಅರ್ಥವಾಗಿಲ್ಲ.

ದುಬೈನಲ್ಲಿ ಬಿದ್ದ ತೇಜಸ್‌ಗೂ ಒಂದು ಕೋರ್ಟ್ ಆಫ್ ಇನ್‌ಕ್ವೈರಿ ಇದೆ. ಅದು ಕೊನೆಗೆ ಏನಾದರೂ ಹೇಳಲಿ, ಪೈಲಟ್ ತಪ್ಪು ಅಂತಲೇ ಹೇಳಲಿ. ಆದರೆ ಎರಡು ಪದದಲ್ಲಿ ಹೇಳಿ ಮುಗಿಸದಿರಲಿ. ಬೆಂಗಳೂರಿನ ಹ್ಯಾಂಗರ್‌ಗಳಿಂದ ಹೊರಬರಲಿರುವ ಮುಂದಿನ ನೂರಾರು ತೇಜಸ್‌ಗಳಲ್ಲಿ ಕೂರುವ ಹುಡುಗ ಹುಡುಗಿಯರಿಗೆ ಆ ವಿವರ ನಮಗಿಂತ ಹೆಚ್ಚು ಬೇಕು.